ತಲೆದೆಸೆಯ ಸ್ಟೂಲು

ಸೋಮವಾರ, ಮಧ್ಯಾಹ್ನ

ನನ್ನ ಚಿನ್ನುಮರಿ,

ಮೊಮ್ಮಗಳ ಹಣೆಯ ಹೊಲಿಗೆ ಬಿಚ್ಚಿದರಾ? ಗಾಯ ಒಣಗುವಾಗ ತುರಿಸುತ್ತದೆ, ಕೆರೆದುಕೊಳ್ಳಲು ಬಿಡಬೇಡ. ಉಗುರು ಕತ್ತರಿಸು. ಇಷ್ಟು ಹೇಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ ಎಂದು ನಿನಗೆ ಗೊತ್ತೇ ಇದೆ.

ಹೋದ ವಾರ ಹಾಲು ಉಕ್ಕುತ್ತಿದೆ ಎಂದು ಫೋನ್ ಇಟ್ಟುಬಿಟ್ಟೆನಲ್ಲ, ಒಲೆಯ ಮೇಲೆ ಹಾಲೇ ಇರಲಿಲ್ಲ ಕಣೇ. ಹೊಲಿಗೆ ಹಾಕುವಷ್ಟು ಹೊತ್ತೂ ಮಗಳ ಕೈ ಹಿಡಿದುಕೊಂಡೇ ಇದ್ದೆ ಎಂದು ಹೇಳುತ್ತಿದ್ದವಳು, ನನಗೆ ಅಪಘಾತವಾದ ದಿನ ನೀನು ಎಲ್ಲಿದ್ದೆ ಅಮ್ಮ ಎಂದು ಕೇಳಿದೆ. ನೀನು ಸುಮ್ಮನೆ ಕೇಳಿರಬಹುದು. ನನಗೆ ಮಾತ್ರ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಇಪ್ಪತ್ತಾರು ವರ್ಷ ನೀನು ಕೇಳಲಿಲ್ಲ, ನಾನು ಹೇಳಲಿಲ್ಲ.

ನಿನಗಾಗ ಆರು ವರ್ಷ. ಶಾಲೆಯ ಗೇಟಿನ ಮುಂದೆ ವ್ಯಾನು ಬಡಿದು ತೊಡೆಯ ಮೂಳೆ ಮುರಿದಿತ್ತು. ನಾನು ನರ್ಸಾಗಿ ಕೆಲಸ ಮಾಡುವ ತುರ್ತು ವಾರ್ಡಿಗೇ ನಿನ್ನನ್ನು ತಂದರು. ಆ ಬಾಗಿಲ ಮೇಲೆ ಒಂದು ಬೋರ್ಡಿತ್ತು: ಮಗುವಿನ ಕಡೆಯವರು ಹೊರಗೆ ಕಾಯಬೇಕು. ಅದನ್ನು ಕೆಂಪು ಬಣ್ಣದಲ್ಲಿ ಬರೆದವಳು ನಾನೇ. ಅಪ್ಪ ಅಮ್ಮಂದಿರು ಗೋಳಾಡುತ್ತಿದ್ದರೆ ನಮಗೆ ಕೈ ಓಡುವುದಿಲ್ಲ ಎಂದು ದೊಡ್ಡ ಡಾಕ್ಟರನ್ನು ಒಪ್ಪಿಸಿ ಹಾಕಿಸಿದ್ದೆ. ಅದರ ಬಗ್ಗೆ ನನಗೆ ಜಂಬವೂ ಇತ್ತು.

ಆ ದಿನ ಒಳಗಿದ್ದವಳು ನಿನ್ನ ಗುಬ್ಬಿ ಚಿಕ್ಕಮ್ಮ. ಆಗಿನ್ನೂ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದ್ದ ನರ್ಸು. ನೀವೇ ಬರೆದಿದ್ದಲ್ವಾ ಅಕ್ಕಾ, ಹೊರಗಿರಿ ಎಂದಳು. ತಾನು ತೋಡಿದ ಗುಂಡಿಗೆ ತಾನೇ ಬಿದ್ದ ಹಾಗೆ ಹೊರಗೆ ನಿಂತೆ.

ನೀನು ಅಮ್ಮಾ ಅಮ್ಮಾ ಎಂದು ಕೂಗಿ ಕೈ ಕೊಸರುತ್ತಿದ್ದೆ. ಎರಡು ಸಲ ಡ್ರಿಪ್ಪಿನ ಸೂಜಿ ಕಿತ್ತುಬಂತು. ಮೂರನೆಯ ಸಲ ಹೇಗೋ ಹಾಕಿ ಒಂದು ಔಷಧಿ ಕೊಟ್ಟರು. ಅದು ನಿನ್ನ ಮೈಗೆ ಆಗುವುದಿಲ್ಲ. ನೀನು ಕೂಸಾಗಿದ್ದಾಗ ಒಮ್ಮೆ ಕೊಟ್ಟು ಮೈಯೆಲ್ಲ ದದ್ದು ಎದ್ದಿತ್ತು. ಅದು ಗೊತ್ತಿದ್ದವಳು ನಾನೊಬ್ಬಳೇ, ನಾನು ಬಾಗಿಲಾಚೆ ಇದ್ದೆ. ನಿನ್ನ ಮುಖ ಊದಿಕೊಂಡು ಉಸಿರು ಕಟ್ಟಿತು. ಒಳಗೆ ಓಡಾಡುವ ಚಪ್ಪಲಿ ಸದ್ದು ಕೇಳಿಸಿತು, ನಿನ್ನ ಕೂಗು ನಿಂತಿತ್ತು. ಡಾಕ್ಟರು ಹೇಗೋ ನಿನ್ನನ್ನು ಉಳಿಸಿಕೊಟ್ಟರು. ಆ ಚಪ್ಪಲಿ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ನಿನ್ನ ಕಾಲಿನ ಪಟ್ಟಿ ಬಿಚ್ಚುವ ಮೊದಲೇ ಆ ಬೋರ್ಡು ಕಿತ್ತೆ. ಹಾಸಿಗೆಯ ತಲೆದೆಸೆಗೆ ಒಂದು ಸ್ಟೂಲು ಹಾಕಿದೆ. ಎಷ್ಟೇ ದೊಡ್ಡ ಏಟು ಬಿದ್ದು ಬಂದ ಮಗುವಾಗಲಿ, ಅದರ ಕಡೆಯವರೊಬ್ಬರು ಅದಕ್ಕೆ ಮುಖ ಕಾಣುವಂತೆ ಅಲ್ಲಿ ಕೂರಬೇಕು. ಮೊದಲ ಪ್ರಶ್ನೆ ಅವರಿಗೇ: ತೂಕ ಎಷ್ಟು, ಯಾವ ಔಷಧಿ ಆಗುವುದಿಲ್ಲ, ಕೊನೆಗೆ ತಿಂದದ್ದು ಯಾವಾಗ. ತಲೆ ಸವರುವವರಿದ್ದರೆ ಮಗು ಕೈ ಕೊಸರುವುದು ಕಡಿಮೆ, ಸೂಜಿ ಒಂದೇ ಸಲಕ್ಕೆ ಕೂರುತ್ತದೆ.

ಎಲ್ಲವೂ ಸುಸೂತ್ರವಾಗಿ ನಡೆಯಿತು ಎನ್ನಲಾರೆ. ಗಿರಿಜಾ ಮೀಸೆಯ ಲಾರಿ ಡ್ರೈವರೊಬ್ಬ ಮಗಳ ಗಾಯ ನೋಡಿ ಸ್ಟೂಲಿನ ಸಮೇತ ಉರುಳಿದ. ಅಂದಿನಿಂದ ಕೂತವರ ಪಕ್ಕ ನಮ್ಮ ವಾರ್ಡಿನವರೊಬ್ಬರು ನಿಲ್ಲುತ್ತಾರೆ, ಅವರಿಗೆ ಅದೊಂದೇ ಕೆಲಸ. ಈಗ ಬಂದಿರುವ ಹೊಸ ಮುಖ್ಯ ಡಾಕ್ಟರ ಕಣ್ಣಿಗೆ ಅದೇ ಚುಚ್ಚುತ್ತಿದೆ. ಮಕ್ಕಳನ್ನ ನೋಡೋದೋ, ಅಪ್ಪಂದಿರನ್ನ ಎತ್ತೋದೋ ಎಂದು ಕೇಳುತ್ತಾರೆ. ಗುರುವಾರ ಸಭೆ ಇದೆ. ಸ್ಟೂಲು ಇರಬೇಕೋ, ಹಳೆಯ ಬೋರ್ಡು ಮರಳಬೇಕೋ ಅಲ್ಲಿ ತೀರ್ಮಾನ. ಎರಡು ತಿಂಗಳಲ್ಲಿ ನಿವೃತ್ತಿಯಾಗುವವಳ ಮಾತು ಯಾರು ಕೇಳುತ್ತಾರೋ. ಏನು ಹೇಳಬೇಕು ಎಂದೂ ತೋಚುತ್ತಿಲ್ಲ.

ಅಳಿಯಂದಿರಿಗೆ ನೆನಪು ಹೇಳು. ಮೊಮ್ಮಗಳ ಹಣೆಗೆ, ಗಾಯದ ಪಕ್ಕದಲ್ಲಿ, ನನ್ನದೊಂದು ಮುತ್ತು.

ನಿನ್ನ ಅಮ್ಮ

ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ, ಅದು ಹಾಲಿನ ಸುಳ್ಳಿಗಿಂತ ದೊಡ್ಡದು. ಗುಬ್ಬಿ ನನ್ನನ್ನು ಹೊರಗೆ ಕಳಿಸಲಿಲ್ಲ. ಇರಿ ಅಕ್ಕಾ, ಮಗು ನಿಮ್ಮನ್ನೇ ಕರೀತಿದೆ ಎಂದು ನನ್ನ ತೋಳು ಹಿಡಿದು ಬೇಡಿಕೊಂಡಳು. ಬೋರ್ಡು ತೋರಿಸಿ, ನಿಯಮ ಎಂದರೆ ನಿಯಮ ಎಂದವಳು ನಾನು. ಅಲ್ಲಿ ನಿಲ್ಲಲು ನನ್ನಿಂದ ಆಗಲಿಲ್ಲ ಚಿನ್ನು. ನೀನು ನನ್ನ ಕಣ್ಣೆದುರೇ ಹೋಗಿಬಿಟ್ಟರೆ ಎಂದು ಹೆದರಿ ಓಡಿದೆ. ಗುಬ್ಬಿ ಇಷ್ಟು ವರ್ಷ ಇದನ್ನು ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ. ಆ ಸ್ಟೂಲು ಮಕ್ಕಳಿಗಾಗಿ ಎಂದು ಎಲ್ಲರೂ ತಿಳಿದಿದ್ದಾರೆ. ನಿಲ್ಲಲಾರದ ತಾಯಿಯೂ ಓಡಿಹೋಗದೆ ಇರಲಿ ಎಂದು ಹಾಕಿದ್ದು ಅದು. ಗುರುವಾರ ಎಲ್ಲರೆದುರು ಇದನ್ನೇ ಹೇಳುತ್ತೇನೆ, ಆದರೆ ಮೊದಲು ನಿನಗೆ ಗೊತ್ತಾಗಬೇಕು. ಓದಿದ ಮೇಲೆ ಫೋನ್ ಮಾಡಬೇಕು ಅನಿಸದಿದ್ದರೆ ಅದು ನಿನ್ನ ತಪ್ಪಲ್ಲ. ಮಾಡಿದರೆ, ಈ ಸಲ ಹಾಲು ಉಕ್ಕುವುದಿಲ್ಲ.