ಸೇತುವೆ ಆಚೆಯವರ ಬಸ್ಸು

ಬುಧವಾರ, ೧೪ ಮೇ

ಪ್ರೀತಿಯ ಪುಟ್ಟನಿಗೆ,

ಅಕ್ಕನ ಆಶೀರ್ವಾದ. ನಾವೆಲ್ಲ ಚೆನ್ನಾಗಿದ್ದೇವೆ ಅಂತ ಬರೆಯೋದು ರೂಢಿ. ಚೆನ್ನಾಗಿಯೇ ಇದ್ದೇವೆ, ಸುಸ್ತಾಗಿದ್ದೇವೆ ಅಷ್ಟೆ. ನಿನ್ನ ಕಾಗದಕ್ಕೆ ಉತ್ತರ ಬರೆಯೋಕೆ ಇಷ್ಟು ತಡವಾಯಿತು, ಬೇಜಾರು ಮಾಡ್ಕೋಬೇಡ. ಬೆಳಗಿನ ಪಾಳಿ ಮುಗಿಸಿ ಮನೆಗೆ ಬಂದರೆ ಕೂತಲ್ಲೇ ತೂಕಡಿಕೆ. ಮೊನ್ನೆ ಪೆನ್ನು ಹಿಡಿದುಕೊಂಡೇ ನಿದ್ದೆ ಹೋಗಿದ್ದೆನಂತೆ. ನಿನ್ನ ಭಾವ ಹೇಳಿದರು, 'ಕಾಗದದ ಮೇಲೆ ಒಂದು ಗೀಟು ಎಳೆದಿದ್ದೀಯ, ಅದನ್ನೇ ಕಳಿಸು, ತಮ್ಮನಿಗೆ ಅರ್ಥ ಆಗುತ್ತೆ' ಅಂತ.

ಫೋನ್ ಮಾಡಬಹುದಿತ್ತು. ಆದರೆ ಫುಟ್‌ಬಾಲಿನ ಮಾತು ಬಂದ ಕೂಡಲೇ ನೀನು 'ಲಿಫ್ಟಿನೊಳಗೆ ಇದ್ದೀನಕ್ಕ, ಸಿಗ್ನಲ್ ಇಲ್ಲ' ಅಂದುಬಿಡ್ತೀಯ. ಕಾಗದಕ್ಕೆ ಸಿಗ್ನಲ್ ಬೇಕಿಲ್ಲ. ಹಾಗಾಗಿ ಹೇಳಿಯೇಬಿಡ್ತೀನಿ, ನಿನಗೂ ಗೊತ್ತಿರುತ್ತೆ. ನಮ್ಮವರು ಪ್ಲೇಆಫ್‌ಗೆ ಬಂದಿದ್ದಾರೆ. ಭಾನುವಾರ ನಮ್ಮ ಮೈದಾನದಲ್ಲೇ ಆಟ. ಗೆದ್ದವರು ಮೇಲಿನ ಡಿವಿಷನ್‌ಗೆ ಹೋಗ್ತಾರೆ. ಎದುರಾಳಿ ಯಾರು ಅಂತ ಬೇರೆ ಹೇಳಬೇಕಾ? ಅವರೇ, ಸೇತುವೆ ಆಚೆಯ ನೀಲಿಯವರು.

ಊರಿಗೆ ಊರೇ ಹುಚ್ಚು ಹಿಡಿದ ಹಾಗಿದೆ. ಕ್ಷೌರದಂಗಡಿಯವನು ತನ್ನ ಕುರ್ಚಿಗೆ ಹಳದಿ ಬಣ್ಣ ಬಳಿದಿದ್ದಾನೆ. ಬಣ್ಣ ಪೂರ್ತಿ ಒಣಗುವ ಮುಂಚೆ ಬ್ಯಾಂಕ್ ಮ್ಯಾನೇಜರ್ ಹೋಗಿ ಕೂತು, ಪ್ಯಾಂಟಿಗೆಲ್ಲ ಹಳದಿ ಮಾಡಿಕೊಂಡು, 'ಇರಲಿ ಬಿಡಿ, ನಮ್ಮ ಬಣ್ಣವೇ ಅಲ್ವಾ' ಅಂದರಂತೆ. ನಿನ್ನ ಭಾವನ ಕಥೆ ಇನ್ನೂ ವಿಚಿತ್ರ. ತಂಡ ಗೆಲ್ಲೋಕೆ ಶುರು ಮಾಡಿದಾಗ ಮೈಮೇಲಿದ್ದ ಸ್ವೆಟರನ್ನು ಇವತ್ತಿನವರೆಗೂ ಒಗೆಯೋಕೆ ಕೊಟ್ಟಿಲ್ಲ. 'ಒಗೆದರೆ ಗೆಲುವು ತೊಳೆದುಹೋಗುತ್ತೆ' ಅಂತಾರೆ. ಗೆಲ್ಲಿಸ್ತಿರೋದು ಹನ್ನೊಂದು ಜನವೋ ಆ ವಾಸನೆಯೋ ಅಂತ ನನಗೇ ಅನುಮಾನ ಬಂದಿದೆ. ಡಬ್ಬಿ ಕಾರ್ಖಾನೆಯಲ್ಲಿ ಅವರಿಗೆ ಈಗ ವಾರಕ್ಕೆ ಮೂರೇ ದಿನ ಕೆಲಸ. ಮಿಕ್ಕ ಹೊತ್ತೆಲ್ಲ ಕಿಟಕಿಯ ಪಕ್ಕ ಕೂತು ಯಾರನ್ನ ಆಡಿಸಬೇಕು, ಯಾರನ್ನ ಕೂರಿಸಬೇಕು ಅಂತ ಲೆಕ್ಕ ಹಾಕ್ತಾರೆ. ಹಾಕಲಿ ಬಿಡು. ಮನುಷ್ಯನಿಗೆ ಏನಾದರೂ ಒಂದು ಬೇಕಲ್ಲ.

ನಮ್ಮ ಈಗಿನ ಗೋಲ್‌ಕೀಪರ್‌ನ ನೀನು ನೋಡಿಲ್ಲ. ಉದ್ದ ಕಾಲು, ಉದ್ದ ಕುತ್ತಿಗೆ, ಎಲ್ಲರೂ ಕೊಕ್ಕರೆ ಅಂತಾರೆ. ಅಭ್ಯಾಸಕ್ಕೆ ಹೋಗೋದು ನಾನು ಓಡಿಸೋ ಬಸ್ಸಿನಲ್ಲೇ. ಮದುವೆ ಗೊತ್ತಾಗಿದೆ, ತುಂಬಾ ಮರ್ಯಾದಸ್ಥ. ಹೋದ ವಾರ ನನ್ನ ಸೀಟಿನ ಹಿಂದೆ ನಿಂತು ಕೇಳಿದ, 'ಅಕ್ಕಾ, ನಿಮ್ಮ ತಮ್ಮ ಈಗಲೂ ಆಡ್ತಾರಾ?'

'ಇಲ್ಲಪ್ಪ. ಲಿಫ್ಟ್ ರಿಪೇರಿ ಮಾಡ್ತಾನೆ.'

'ಆ ವರ್ಷ ತಂಡವನ್ನ ಪ್ಲೇಆಫ್‌ವರೆಗೆ ಹೊತ್ತುಕೊಂಡು ಬಂದಿದ್ದೇ ಅವರು ಅಂತ ಕೋಚ್ ಹೇಳ್ತಿರ್ತಾರೆ.'

'ಹಿಡಿದುಕೊಂಡು ನಿಂತ್ಕೋ, ಮುಂದೆ ತಿರುವಿದೆ' ಅಂದೆ.

ಪುಟ್ಟ, ನಿನ್ನ ಹತ್ತಿರ ಮುಚ್ಚಿಡೋದು ಏನಿದೆ? ನಾನು ಈ ಆಟ ಗೆಲ್ಲಲಿ ಅಂತ ಕಾಯ್ತಿರೋದು ಡಿವಿಷನ್‌ಗಾಗಿ ಅಲ್ಲ. ಈ ಊರಿನಲ್ಲಿ ಪ್ಲೇಆಫ್ ಅಂದರೆ ಜನರ ಬಾಯಿಗೆ ಬರೋದು ಒಂದೇ, ಇದೇ ನೀಲಿಯವರ ಎದುರು ಕೊನೇ ಗಳಿಗೆಯಲ್ಲಿ ನಿನ್ನ ಕಾಲುಗಳ ನಡುವೆ ಗೋಲಿನೊಳಗೆ ಉರುಳಿಹೋದ ಆ ಚೆಂಡು. ಒಂದೇ ಒಂದು ಸಲ ಗೆದ್ದುಬಿಟ್ಟರೆ ಅವರಿಗೆ ಮಾತಾಡೋಕೆ ಬೇರೆ ಏನಾದರೂ ಸಿಗುತ್ತೆ. ಆಮೇಲೆ ನೀನು ನಿನ್ನ ಪಾಡಿಗೆ ಬಸ್ ನಿಲ್ದಾಣದಲ್ಲಿ ಇಳಿದು, ಬ್ರೆಡ್ ಅಂಗಡಿ ಮುಂದೆ ನಡೆದುಕೊಂಡು, ತಲೆ ಎತ್ತಿಕೊಂಡು ಮನೆಗೆ ಬರಬಹುದು. ಇಷ್ಟು ವರ್ಷ ಅಮ್ಮನೇ ನಿನ್ನಲ್ಲಿಗೆ ಬಂದು ಹೋಗ್ತಿದ್ದಳು. ಈಗ ಅವಳ ಮೊಣಕಾಲು ಬಸ್ಸಿನ ಮೆಟ್ಟಿಲು ಹತ್ತೋಕೆ ಒಪ್ತಿಲ್ಲ.

ಇನ್ನೊಂದು ಸುದ್ದಿ ಇದೆ, ನಗಬೇಡ. ಭಾನುವಾರಕ್ಕೆ ಡಿಪೋದಲ್ಲಿ ಎಲ್ಲರೂ ಮೊದಲೇ ರಜಾ ಕೇಳಿಬಿಟ್ಟಿದ್ದಾರೆ. ನಾನು ನಿದ್ದೆಗಣ್ಣಿನಲ್ಲಿ ಮರೆತೆ. ಕಂಟ್ರೋಲರ್ ನನ್ನ ಹೆಸರನ್ನ ಸ್ಪೆಷಲ್ ಬಸ್ಸಿಗೆ ಹಾಕಿದ್ದಾರೆ. ಸೇತುವೆ ಆಚೆಯಿಂದ ನೀಲಿಯವರನ್ನ ತುಂಬಿಕೊಂಡು ಮೈದಾನಕ್ಕೆ ತರಬೇಕು, ಆಟ ಮುಗಿದ ಮೇಲೆ ವಾಪಸ್ ಬಿಡಬೇಕು.

'ಬೇರೆ ಯಾರನ್ನಾದರೂ ಹಾಕಿ ಸಾರ್' ಅಂದೆ.

'ಬೇರೆ ಯಾರೂ ಇಲ್ಲಮ್ಮ.'

'ನಾನು ಹಳದಿಯವಳು ಸಾರ್. ಅದೂ ಯಾರ ಅಕ್ಕ ಅಂತ ನಿಮಗೇ ಗೊತ್ತು.'

ಅವರು ಕನ್ನಡಕ ತೆಗೆದು ಒರೆಸಿಕೊಂಡು, 'ಬಸ್ಸಿಗೆ ಯಾವ ತಂಡವೂ ಇಲ್ಲಮ್ಮ' ಅಂದರು. ಕೆಟ್ಟವರಲ್ಲ, ಅವರಿಗೂ ಸಾಕಾಗಿದೆ. ನಾನೂ ಜಗಳ ಆಡೋ ಶಕ್ತಿ ಇಲ್ಲದೆ ಬಂದುಬಿಟ್ಟೆ.

ಭಾನುವಾರ ನೀನು ಆಟ ನೋಡು ಅಂತ ಹೇಳಲ್ಲ. ಆದರೆ ನಮ್ಮವರು ಗೆಲ್ಲಲಿ ಅಂತ ಮನಸ್ಸಿನಲ್ಲಿ ಒಂದು ಸಲ ಅಂದುಕೋ. ವೇಳೆಗೆ ಸರಿಯಾಗಿ ಉಣ್ಣು.

ನಿನ್ನ
ಅಕ್ಕ


ಮಂಗಳವಾರ, ೨೦ ಮೇ

ಪ್ರೀತಿಯ ಪುಟ್ಟ,

ಸೋತೆವು. ನಿನಗೆ ಆಗಲೇ ಗೊತ್ತಾಗಿರುತ್ತೆ. ನಿನ್ನೆಯೇ ಬರೆಯಬೇಕು ಅಂತ ಕೂತೆ, ಕೈ ಓಡಲಿಲ್ಲ. ಇವತ್ತು ನನಗೆ ವಾರದ ರಜಾ, ಹೊರಗೆ ಬಟ್ಟೆ ಒಣಗ್ತಿದೆ, ಅಮ್ಮ ಮಲಗಿದ್ದಾಳೆ. ನಡೆದದ್ದನ್ನ ನಡೆದ ಹಾಗೆ ಬರೀತೀನಿ.

ಭಾನುವಾರ ಆಚೆ ದಡದ ನಿಲ್ದಾಣದಲ್ಲಿ ಬಸ್ ನಿಲ್ಲಿಸಿದಾಗ ನೂಕುನುಗ್ಗಲು. ನಾನು ಅಂದುಕೊಂಡ ಹಾಗೆ ರಾಕ್ಷಸರೇನೂ ಅಲ್ಲ. ಮಕ್ಕಳನ್ನ ಹೆಗಲ ಮೇಲೆ ಕೂರಿಸಿಕೊಂಡವರು, ಊರುಗೋಲಿನವರು, ನನ್ನ ವಯಸ್ಸಿನ ಹೆಂಗಸರು. ಎಲ್ಲರ ಕುತ್ತಿಗೆಯಲ್ಲೂ ನೀಲಿ ಬಟ್ಟೆ. ಹತ್ತುವಾಗ ಎಷ್ಟೋ ಜನ ನನಗೆ ನಮಸ್ಕಾರ ಹೇಳಿದರು. ನಮ್ಮವರು ಹೇಳಲ್ಲ.

ಬಸ್ ಹೊರಟು ಸೇತುವೆ ಹತ್ತುವಷ್ಟರಲ್ಲಿ ಹಿಂದಿನ ಸೀಟುಗಳಿಂದ ಹಾಡು ಶುರುವಾಯಿತು. ಯಾವ ಹಾಡು ಅಂತ ನಿನಗೆ ಗೊತ್ತು, ನಿನ್ನ ಮೇಲೆ ಕಟ್ಟಿದ್ದೇ. 'ಬಾಗಿಲು ತೆಗೆದಿದೆ, ಒಳಗೆ ಬನ್ನಿ, ಮನೆಯವನೇ ಕಾಲು ಸರಿಸಿದನು.' ಮೈದಾನದ ಹೊರಗಡೆಯಿಂದ ದೂರದಲ್ಲಿ ಕೇಳಿದ್ದೆ, ಇಷ್ಟು ಹತ್ತಿರದಿಂದ ಕೇಳಿರಲಿಲ್ಲ. ಇಡೀ ಬಸ್ಸು ಹಾಡ್ತಾ ಇತ್ತು. ಸೀಟಿನ ಕಂಬಿ ಬಡಿದು ತಾಳ ಹಾಕ್ತಿದ್ದರು. ಕನ್ನಡಿಯಲ್ಲಿ ನೋಡಿದರೆ ಚಿಕ್ಕ ಮಕ್ಕಳೂ ಹಾಡ್ತಿವೆ. ಆ ಮಕ್ಕಳು ನೀನು ಆಡುವಾಗ ಹುಟ್ಟೇ ಇರಲಿಲ್ಲ. ಅವರ ಪಾಲಿಗೆ ನೀನು ಒಬ್ಬ ಮನುಷ್ಯನೇ ಅಲ್ಲ, ಹಾಡಿನಲ್ಲಿ ಬರೋ ಒಂದು ಪದ.

ಸುಮ್ಮನೆ ಓಡಿಸೋಣ ಅಂತಲೇ ಇದ್ದೆ. ಸೇತುವೆ ಇಳಿದ ಮೇಲೆ ಕೆಂಪು ದೀಪ ಬಿತ್ತು. ಬಸ್ಸು ನಿಂತಿತು, ಹಾಡು ನಿಲ್ಲಲಿಲ್ಲ. ನಾನು ಹ್ಯಾಂಡ್‌ಬ್ರೇಕ್ ಎಳೆದು, ನಿಲ್ದಾಣಗಳ ಹೆಸರು ಹೇಳೋ ಮೈಕ್ ಕೈಗೆ ತಗೊಂಡೆ.

'ಹಾಡೋರು ಹಾಡಿ, ನಾನು ಬೇಡ ಅನ್ನಲ್ಲ' ಅಂದೆ. 'ಆದರೆ ಬಸ್ಸು ಓಡಿಸ್ತಿರೋಳು ಅವನ ಅಕ್ಕ. ನಿಮಗೆ ಗೊತ್ತಿರಲಿ ಅಂತ ಹೇಳಿದೆ.'

ನನ್ನ ದನಿ ಗಟ್ಟಿಯಾಗಿತ್ತು. ಯಾರೋ ಹಿಂದುಗಡೆ ತಮಾಷೆ ಅಂದುಕೊಂಡು ನಕ್ಕರು. ಆಮೇಲೆ ಹಾಡು ನಿಂತಿತು. ಮೊದಲನೇ ಸಾಲಿನಲ್ಲಿ ನೀಲಿ ಟೋಪಿಯ ಒಬ್ಬರು ಕೂತಿದ್ದರು, ತಾಳ ಹಾಕೋದರಲ್ಲಿ ಅವರೇ ಮುಂದು. ಮುಂದಕ್ಕೆ ಬಗ್ಗಿ ಮೆಲ್ಲಗೆ ಕೇಳಿದರು, 'ನಿಜವಾಗ್ಲೂ ಅಕ್ಕನಾ?'

'ಮೂಗು ನೋಡಿ ಗೊತ್ತಾಗಲ್ವಾ?'

ನೋಡಿದರು. ಗೊತ್ತಾಯಿತು ಅಂತ ಕಾಣುತ್ತೆ. 'ಅವರು... ಈಗ ಇದ್ದಾರಾ?' ಅಂದರು.

'ಇರದೆ ಏನು? ಹೋದ ತಿಂಗಳು ಹಲ್ಲು ಕೀಳಿಸಿಕೊಂಡ.'

ಆ ಮನುಷ್ಯ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಹಸಿರು ದೀಪ ಬಿತ್ತು. ಮಿಕ್ಕ ದಾರಿಯಲ್ಲಿ ಬೇರೆ ಯಾವುದೋ ಹಾಡು ಹೇಳಿದರು, ಅಷ್ಟು ಜೋರಾಗಿ ಅಲ್ಲ. ಇಳಿಯುವಾಗ ಕೆಲವರು ನನ್ನ ಮುಖ ನೋಡಲಿಲ್ಲ, ಒಬ್ಬ ಹೆಂಗಸು ನನ್ನ ತೋಳು ಮುಟ್ಟಿ ಹೋದಳು. ಇದರಿಂದ ಏನೋ ಆಯಿತು ಅಂತ ತಿಳಿಯಬೇಡ. ಅವರು ಒಳಗೆ ಹೋದ ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಅದೇ ಹಾಡು ಕೇಳಿಸಿತು, ಸಾವಿರಾರು ಜನರ ಬಾಯಲ್ಲಿ. ನನ್ನ ಬಸ್ಸಿನವರು ಅದರಲ್ಲಿ ಸೇರಿದರೋ ಬಿಟ್ಟರೋ, ಹೇಗೆ ಹೇಳಲಿ?

ನಾನು ಆಟ ನೋಡಲಿಲ್ಲ, ಕೇಳಿಸಿಕೊಂಡೆ. ಬಸ್ ಬಿಟ್ಟು ಕದಲಬಾರದು ಅಂತ ಆರ್ಡರು. ಮೈದಾನದ ಹಿಂಬದಿಯ ಜಾಗದಲ್ಲಿ ನಾವು ಡ್ರೈವರುಗಳು ಬಂಪರಿಗೆ ಒರಗಿಕೊಂಡು, ಒಬ್ಬರ ರೇಡಿಯೋಗೆ ಕಿವಿ ಕೊಟ್ಟು ನಿಂತಿದ್ದೆವು. ರೇಡಿಯೋ ಹೇಳೋ ಮುಂಚೆಯೇ ಗೋಡೆ ಹೇಳ್ತಿತ್ತು. ಮೊದಲು ನಾವು ಗೋಲು ಹೊಡೆದೆವು. ನಾನು ಪಕ್ಕದ ಡ್ರೈವರಿನ ಬೆನ್ನಿಗೆ ಎಷ್ಟು ಜೋರಾಗಿ ಗುದ್ದಿದೆ ಅಂದರೆ ಅವನ ಟೀ ಚೆಲ್ಲಿಹೋಯಿತು. ಆ ಅರ್ಧ ಗಂಟೆ ನನಗೆ ಸುಸ್ತೇ ಇರಲಿಲ್ಲ ಪುಟ್ಟ. ನಿನಗೆ ಯಾವ ರೂಮು ಖಾಲಿ ಮಾಡೋದು, ಹಾಸಿಗೆ ಎಲ್ಲಿ ಹಾಕೋದು ಅಂತ ಯೋಚಿಸ್ತಿದ್ದೆ.

ಹಾಫ್‌ಟೈಮ್ ಆದ ಮೇಲೆ ಅವರು ಸಮ ಮಾಡಿದರು. ಆಮೇಲೆ ಇನ್ನೇನು ಮುಗಿಯಬೇಕು, ಅವರಿಗೆ ಕಾರ್ನರ್ ಸಿಕ್ಕಿತು. ಕೊಕ್ಕರೆ ಹಾರಿ ಎರಡೂ ಕೈಯಲ್ಲಿ ಚೆಂಡು ಹಿಡಿದ. ಹಿಡಿದೇ ಇದ್ದ ಅಂತ ರೇಡಿಯೋದವನು ಹೇಳಿದ. ಕೆಳಗೆ ಬರುವಾಗ ಅದು ಕೈಯಿಂದ ಜಾರಿ ಹಿಂದಕ್ಕೆ, ಗೋಲಿನೊಳಗೆ ಹೋಯಿತು. ಯಾರೂ ಅವನನ್ನ ತಳ್ಳಲಿಲ್ಲ. ಸುಮ್ಮನೆ ಜಾರಿತು.

ಸೀಟಿ ಊದಿದರು. ನಾನು ಬಸ್ ಹತ್ತಿ ಸೀಟಿನಲ್ಲಿ ಕೂತು ಕಿವಿ ಮುಚ್ಚಿಕೊಂಡೆ. ಈಗ ನಮ್ಮವರು ಆ ಹುಡುಗನಿಗೆ ಏನು ಮಾಡ್ತಾರೆ ಅಂತ ನನಗೆ ಗೊತ್ತಲ್ಲ. ಬಾಟಲಿ ಬೀಳೋದು, ಬೈಗುಳ, ಎಲ್ಲ ನಿನ್ನ ಸಲ ಕೇಳಿದವಳು ನಾನು. ಆದರೆ ಕಿವಿ ಮುಚ್ಚಿಕೊಂಡರೂ ಒಳಗೆ ಬಂದ ಸದ್ದು ಬೇರೆ ಥರ ಇತ್ತು. ಕೈ ತೆಗೆದೆ. ಚಪ್ಪಾಳೆ. ನೀಲಿಯವರ ಕಡೆಯಿಂದ ಅಲ್ಲ, ನಮ್ಮವರ ಕಡೆಯಿಂದ. ನಿಲ್ಲಲೇ ಇಲ್ಲ.

ಗೇಟಿನ ಹತ್ತಿರ ಟಿಕೆಟ್ ನೋಡೋರು ನಿಂತಿದ್ದರು, ಏನಾಗ್ತಿದೆ ಅಂತ ಕೇಳಿದೆ. 'ಕೊಕ್ಕರೆ ಮುಖ ಮುಚ್ಚಿಕೊಂಡು ಗೋಲಿನೊಳಗೆ ಕೂತುಬಿಟ್ಟಿದ್ದ. ಜನ ಎಲ್ಲಾ ಎದ್ದು ನಿಂತು ತಟ್ತಿದ್ದಾರೆ. ಅವನು ಎದ್ದು ಒಳಗೆ ಹೋಗೋ ತನಕ ಬಿಡಲ್ಲ ಅಂತಿದ್ದಾರೆ' ಅಂದರು.

ನೀಲಿಯವರನ್ನ ವಾಪಸ್ ಬಿಟ್ಟೆ. ಕುಣಿದರು, ಹಾಡಿದರು, ನಿನ್ನ ಹಾಡು ಬಿಟ್ಟು. ಟೋಪಿಯವರು ಇಳಿಯುವಾಗ 'ನಿಮ್ಮ ತಮ್ಮನಿಗೆ ನಮಸ್ಕಾರ ತಿಳಿಸಿ' ಅಂದರು. ತಿಳಿಸಿದ್ದೀನಿ. ಇಟ್ಟುಕೋ, ಬಿಡು, ನಿನ್ನಿಷ್ಟ.

ಮನೆಗೆ ಬಂದರೆ ನಿನ್ನ ಭಾವ ಅಡುಗೆಮನೆಯಲ್ಲಿ ನಿಂತಿದ್ದರು. ತಟ್ಟಿ ತಟ್ಟಿ ಅಂಗೈ ಕೆಂಪಗಾಗಿತ್ತು, ಕಣ್ಣೂ ಕೆಂಪಗಿತ್ತು. 'ಸೋತರೂ ಇಂಥ ದಿನ ನೋಡಿರಲಿಲ್ಲ ಕಣೆ. ನಮ್ಮ ಜನ ದೊಡ್ಡವರಾದರು' ಅಂದರು. ನಾನು ಬೆನ್ನು ತಿರುಗಿಸಿ ಒಲೆ ಹಚ್ಚಿದೆ. ಅವರಿಗೆ ಅರ್ಥವಾಗೋಕೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು.

ಆ ಹುಡುಗನಿಗೆ ಚಪ್ಪಾಳೆ ಸಿಕ್ಕಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ, ನಂಬು. ನಿನ್ನೆ ಅವನು ಬಸ್ ಹತ್ತಿದಾಗ ಇಡೀ ಬಸ್ಸು ಜಾಗ ಬಿಟ್ಟಿತು. ನಾನೂ 'ಕೂತ್ಕೋ ಕಂದ' ಅಂದೆ. ಆದರೆ ಈ ಊರಿನವರಿಗೆ ಹೀಗೆ ಮಾಡೋಕೆ ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಇಷ್ಟು ದಿನ ಇವರಿಗೆ ಬರಲ್ಲ ಅಂದುಕೊಂಡು ಸಮಾಧಾನ ಮಾಡಿಕೊಂಡಿದ್ದೆ.

ಮುಂದಿನ ವರ್ಷದ ಆಸೆ ಈಗಲೇ ಶುರುವಾಗಿದೆ ಬೀದಿಯಲ್ಲಿ. ನನಗೆ ಮಾತ್ರ ಒಂದು ವಾರ ನಿದ್ದೆ ಬೇಕು. ನೀನು ಬೆನ್ನು ನೋಡಿಕೋ, ಭಾರ ಒಬ್ಬನೇ ಎತ್ತಬೇಡ. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ.

ನಿನ್ನ
ಅಕ್ಕ

ತಾ.ಕ.: ಇದನ್ನ ಬರೆಯೋದೋ ಬೇಡವೋ ಅಂತ ಎರಡು ದಿನದಿಂದ ಒದ್ದಾಡ್ತಿದ್ದೀನಿ. ಅಮ್ಮ ಒಂದು ಸಲವೂ ಮೈದಾನಕ್ಕೆ ಬಂದವಳಲ್ಲ ಅಂತ ನೀನೂ ತಿಳಿದಿದ್ದೆ, ನಾನೂ ತಿಳಿದಿದ್ದೆ. ಒಂದು ಸಲ ಬಂದಿದ್ದಳಂತೆ. ಆ ದಿನ. ನಮಗೆ ಯಾರಿಗೂ ಹೇಳದೆ, ಮಗ ಗೆಲ್ಲೋದನ್ನ ನೋಡಬೇಕು ಅಂತ ಟಿಕೆಟ್ ತಗೊಂಡು ನಿನ್ನ ಗೋಲಿನ ಹಿಂದೆಯೇ ಕೂತಿದ್ದಳಂತೆ. ನಮ್ಮ ಊರಿನವರು ನಿನ್ನನ್ನ ಏನೇನು ಅಂದರೋ ಎಲ್ಲ ಅವಳ ಅಕ್ಕಪಕ್ಕ ಕೂತೇ ಅಂದರು. ನಿನಗಿಂತ ಮುಂಚೆ ಮನೆ ಸೇರಿ, ಸೀರೆ ಬದಲಿಸಿ, ನೀನು ಬಂದಾಗ 'ಏನಾಯ್ತೋ ಮ್ಯಾಚು?' ಅಂತ ಕೇಳಿದಳಲ್ಲ, ಎಲ್ಲ ಗೊತ್ತಿದ್ದೇ ಕೇಳಿದ್ದು. ಭಾನುವಾರ ರಾತ್ರಿ ಟಿವಿಯಲ್ಲಿ ಆ ಚಪ್ಪಾಳೆ ನೋಡಿದ ಮೇಲೆ ಅವಳೇ ನನಗೆ ಹೇಳಿದಳು. ಹೇಳಿ ಮುಗಿಸಿ, 'ಆ ಹುಡುಗನ ಅಮ್ಮ ಬಂದಿದ್ದಳಾ?' ಅಂತ ಕೇಳಿದಳು. ಬಂದಿರಬೇಕು ಅಂದೆ. 'ಒಳ್ಳೇದಾಯ್ತು. ಅವಳಾದರೂ ಚಪ್ಪಾಳೆ ಕೇಳಿಸಿಕೊಂಡು ಹೋದಳಲ್ಲ' ಅಂದು ಟಿವಿ ಆರಿಸಿದಳು.