ಗ್ರಹಣದ ಹಿಟ್ಟು

ಮೈಲಾಪೂರ್
29 ಆಗಸ್ಟ್ 1999, ಭಾನುವಾರ

ಪ್ರಿಯ ಮಂಜುನಾಥ,

ಗ್ರಹಣದ ದಿನ ದರ್ಭೆ ಹಾಕದೆ ಇರುವುದಾದರೂ ಹೇಗೆ, ನೀನೇ ಹೇಳು? ನಿನ್ನೆ ಫೋನಿನಲ್ಲಿ ಕಥೆ ಅಲ್ಲಿಗೇ ಬಂದಿತ್ತು; ಅಷ್ಟರಲ್ಲಿ ಎಸ್‌ಟಿಡಿ ಬೂತಿನವನು ಅಂಗಡಿ ಮುಚ್ಚಬೇಕೆಂದು ಗಾಜಿಗೆ ಬಡಿದ. ಶಿವರಾತ್ರಿಯಿಂದ ನಿನಗೊಂದು ಸಾಲು ಬರೆದಿಲ್ಲ. ಕೋಪವಿದ್ದರೆ ಕುಂದಾಪುರದಲ್ಲೇ ಇಟ್ಟುಕೋ, ಇದನ್ನು ಓದಿ ನಗು. ಕಾಲೇಜಿನಲ್ಲಿ ಇಂಗ್ಲಿಷ್ ಪರೀಕ್ಷೆಯ ಪ್ರತಿ ಉತ್ತರಕ್ಕೂ ‘ನಾಟ್‌ವಿತ್‌ಸ್ಟಾಂಡಿಂಗ್’ ಎಂದು ಸೇರಿಸುತ್ತಿದ್ದೆವಲ್ಲ, ಅದರ ಅರ್ಥ ನಿನಗಾದರೂ ತಿಳಿಯಿತೇ? ಇಲ್ಲೆಲ್ಲೋ ಅದನ್ನು ಹಾಕಬೇಕೆನಿಸುತ್ತಿದೆ.

ನನ್ನ ಮಗಳು ಬೃಂದಾ ಸೇರಿರುವ ಪ್ರಯೋಗಾಲಯದಲ್ಲಿ ಹೆಂಗಸರು ಮೊದಲೂ ಇದ್ದರು. ಟೈಪು ಮಾಡುತ್ತಿದ್ದರು, ಗಾಜಿನ ಕೊಳವೆ ತೊಳೆಯುತ್ತಿದ್ದರು. ಸ್ವಂತ ಸಂಶೋಧನೆಗೆಂದು ಬಂದವಳು ಇವಳೇ ಮೊದಲು. ದೋಸೆ ಹಿಟ್ಟನ್ನು ಹುಳಿ ಬರಿಸಿ ಉಬ್ಬಿಸುವ ಜೀವಾಣು ಇದೆಯಲ್ಲ, ಅದು ತಿಂಗಳುಗಟ್ಟಲೆ ಹೆಪ್ಪುಗಟ್ಟಿದ ಹಿಟ್ಟಿನಲ್ಲೂ ಬದುಕಿರುತ್ತದೆಯೇ, ಮತ್ತೆ ಎಬ್ಬಿಸಬಹುದೇ, ಇದು ಅವಳ ಕೆಲಸ. ಮೊದಲ ದಿನವೇ ಒಬ್ಬ, “ಲ್ಯಾಬುಕ್ಕು ವಂದುಂ ಮಾವು ಅರೈಕ್ಕಿರಿಯಾಮ್ಮಾ?” ಎಂದನಂತೆ, ಇಲ್ಲಿಗೆ ಬಂದೂ ಹಿಟ್ಟು ರುಬ್ಬುವುದೇ ಎಂದು. “ಹೌದು ಸಾರ್, ನಾಳೆ ನಿಮ್ಮ ಸರದಿ” ಎಂದಳಂತೆ ಇವಳು. ತಾಯಿಯ ಬಾಯಿ ಹಾಗೇ ಬಂದಿದೆ!

ಅಲ್ಲಿನ ಫ್ರಿಜ್ಜಿನಲ್ಲಿ ಗಂಡಸರ ಸೀಸೆಗಳೇ ತುಂಬಿ ಇವಳಿಗೆ ಜಾಗವಿಲ್ಲ. ಹಾಗಾಗಿ ನಮ್ಮ ಮನೆಯ ಫ್ರೀಜರು ಅವಳದಾಯಿತು. ಸೌಕಾರ್‌ಪೇಟೆ, ಕೋಯಂಬೇಡು, ನಮ್ಮೂರವರ ಹೋಟೆಲುಗಳು, ಎಲ್ಲ ಕಡೆಯ ಹಿಟ್ಟೂ ಪುಟ್ಟ ಪುಟ್ಟ ಡಬ್ಬಿಗಳಲ್ಲಿ ಮಲಗಿತ್ತು.

ಹನ್ನೊಂದನೇ ತಾರೀಕು ಸಂಜೆ ಸೂರ್ಯಗ್ರಹಣ ಬಂತು. ದೋಷ ತಾಗದಿರಲೆಂದು ಹಾಲಿಗೆ, ತುಪ್ಪಕ್ಕೆ, ಉಪ್ಪಿನಕಾಯಿಗೆ ದರ್ಭೆ ಹಾಕಿದೆ. ಆಮೇಲೆ ಮಗಳ ಡಬ್ಬಿಗಳ ನೆನಪಾಯಿತು. ಪಾಪ, ಅಷ್ಟು ದುಡಿದಿದ್ದಾಳೆ! ಹಿಟ್ಟು ಕಲ್ಲಾಗಿತ್ತು, ದರ್ಭೆ ನಾಟಲಿಲ್ಲ. ಮೇಜಿನ ಮೇಲೆ ಹರಡಿ, ಫ್ಯಾನು ಹಾಕಿ, ಕರಗುವವರೆಗೆ ಕಾದು, ಎಲ್ಲಕ್ಕೂ ಒಂದೊಂದು ಎಸಳು ಚುಚ್ಚಿದೆ. ವಿತ್ ಗ್ರೇಟ್ ಪ್ಲೆಷರ್.

ಬೃಂದಾ ಬಂದವಳು ಬಾಗಿಲಲ್ಲೇ ನಿಂತಳು.

“ಅಪ್ಪಯ್ಯಾ, ಎಂತ ಇದು?”

“ದರ್ಭೆ.”

“ಅದು ಕಾಣ್ತದೆ. ನನ್ನ ಸ್ಯಾಂಪಲ್ ಒಳಗೆ ಯಾಕೆ?”

“ಗ್ರಹಣ ಅಲ್ವಾ ಮಗಾ. ನಿನ್ನ ಒಳ್ಳೇದಕ್ಕೇ.”

“ಇನ್ನು ಇದ್ರಲ್ಲಿ ಬೆಳೆಯೋದು ಹಿಟ್ಟಿಂದಾ, ಹುಲ್ಲಿಂದಾ ಅಂತ ಯಾರಿಗೆ ಗೊತ್ತು? ರಾಹು ಬಿಟ್ರೂ ನೀವು ಬಿಡ್ಲಿಲ್ವಲ್ಲ!”

ನೆಲಕ್ಕೆ ಕುಳಿತು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಅವಳ ಮೇಲಧಿಕಾರಿ ಮೋಹನ್ ತಿಂಗಳ ಕೊನೆಗೆ ಬಂದು ನೋಡುವವರಿದ್ದರು. ತೋರಿಸಲು ಏನೂ ಇಲ್ಲದಿದ್ದರೆ ಅವಳ ಮೇಜು ಬೇರೆಯವರ ಪಾಲು. ಹೊಸ ಹಿಟ್ಟು ಬೇಕಾದಷ್ಟು ತರಬಹುದು ಮಾರಾಯ, ಹಳೆಯ ಹಿಟ್ಟನ್ನು ಎಲ್ಲಿಂದ ತರುವುದು?

ಫ್ರೀಜರಿನ ಹಿಂಬದಿಯಲ್ಲಿ ಒಂದು ಡಬ್ಬಿ ಉಳಿದಿತ್ತು. ಕಳೆದ ಕಾರ್ತಿಕದಲ್ಲಿ ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ ಪ್ರೇಮ, ಬಂದ ಮೇಲೆ ದೋಸೆ ಎರೆದರಾಯಿತೆಂದು ತಾನೇ ತುಂಬಿಟ್ಟದ್ದು. ಅವಳು ಬರಲಿಲ್ಲ. ಡಬ್ಬಿಯನ್ನು ನಾವು ಯಾರೂ ಮುಟ್ಟಲಿಲ್ಲ.

“ಅಮ್ಮಂದು ಬೇಡ ಅಪ್ಪಯ್ಯ” ಎಂದಳು ಬೃಂದಾ.

“ಬೇರೆ ಉಂಟಾ?”

“ಇಲ್ಲ.”

“ಮತ್ತೆ? ನಿನ್ನಮ್ಮ ಇದ್ದಿದ್ರೆ, ಹಿಟ್ಟು ಹಾಳು ಮಾಡ್ಬೇಡಿ, ಮೊದ್ಲು ಖರ್ಚು ಮಾಡಿ ಅಂತಿದ್ಲು. ತೆಗಿ.”

ಮೊನ್ನೆ ಗುರುವಾರ ನಾನು ನಮ್ಮ ಹೋಟೆಲಿನ ಗಲ್ಲಾದಲ್ಲಿ ಕುಳಿತಿದ್ದಾಗ ಫೋನು ಬಂತು. “ಅಪ್ಪಯ್ಯಾ, ಎದ್ದಿತು! ಅಮ್ಮನ ಹಿಟ್ಟಿಂದು ಎದ್ದಿತು! ಹೊಸ ಹಿಟ್ಟಿಗೆ ಹಾಕಿದ್ದೆ, ಪಾತ್ರೆ ಮೀರಿ ಉಕ್ಕಿದೆ!” ಮೋಹನ್ ಬಗ್ಗಿ ಮೂಸಿ, “ಚಟ್ನಿ ಎಂಗೇಮ್ಮಾ?” ಎಂದು ಚಟ್ನಿ ಕೇಳಿದರಂತೆ. ಮೇಜು ಅವಳದೇ, ಫ್ರಿಜ್ಜಿನಲ್ಲಿ ಒಂದು ಇಡೀ ಖಾನೆಯೂ ಅವಳದೇ. ಆ ಸಂಜೆ ಬಂದ ಗಿರಾಕಿಗಳಿಗೆಲ್ಲ ಕಾಶಿ ಹಲ್ವ ಕೊಡಿಸಿದೆ. ಮಗಳಿಗೆ ಮದುವೆ ಗೊತ್ತಾಯಿತೇ ಎಂದರು ಒಬ್ಬರು. “ಇಲ್ಲ, ಹಿಟ್ಟು ಉಬ್ಬಿತು” ಎಂದೆ. ಅವರು ನನ್ನ ಮುಖ ನೋಡಿ, ಹಲ್ವ ಬೇಗಬೇಗ ತಿಂದು ಹೋದರು.

ಈಗ ಡಬ್ಬಿ ಹಿಡಿದು ಅವಳ ಹಿಂದೆ ಹೋಟೆಲು ಹೋಟೆಲು ಸುತ್ತುವುದು ನನ್ನ ಹೊಸ ಉದ್ಯೋಗ. ಕೈಗೆ ದರ್ಭೆ ಸಿಗದಂತೆ ನೋಡಿಕೊಳ್ಳುತ್ತಾಳೆ.

ಇನ್ನೂ ಬರೆಯಬೇಕೆಂದಿದ್ದೆ, ಕಿಟಕಿಯ ಬೆಳಕು ಹೋಗುತ್ತಿದೆ, ಸಾಲು ಸಾಲಿನ ಮೇಲೆ ಹತ್ತುತ್ತಿದೆ. ನಿನ್ನ ಮೊಮ್ಮಗಳು ಬೇಕಾದ್ದನ್ನು ಓದಲಿ, ಯಾರಿಗೂ ಹೆದರದಿರಲಿ. ನಿನ್ನ ಮನೆ ತಂಪಾಗಿರಲಿ.

ನಿನ್ನ
ಜಯರಾಮ

ತಾ.ಕ.: ಹಿಟ್ಟು ತುಂಬಿದ ಮೇಲೆ ಬೆರಳುಗಳನ್ನು ಹಿಟ್ಟಿನ ಮೇಲೆ ಎಳೆದು ಅಂಚಿಗೆ ಒರೆಸುವುದು ಪ್ರೇಮಳ ರೂಢಿ. ಗ್ರಹಣದ ಸಂಜೆ ಮುಚ್ಚಳ ತೆಗೆದಾಗ ಅವಳ ಬೆರಳು ಎಳೆದ ಗೆರೆಗಳು ಹಾಗೇ ಹೆಪ್ಪುಗಟ್ಟಿದ್ದವು. ಬೃಂದಾ ನೋಡಿದಳು, ನಾನೂ ನೋಡಿದೆ. ಕರಗಲು ಇಟ್ಟೆವು. ಸ್ವಲ್ಪ ಹೊತ್ತಿಗೆ ಹಿಟ್ಟು ಮಟ್ಟಸವಾಯಿತು.