ಗಂಡು ಬದಲಿಸಿ ನೋಡಿದ ಮೇಲೆ

ಬಸವಾಪಟ್ಟಣ
12-3-1981

ತಂಗಿ ಕಸ್ತೂರಿಗೆ ನಿನ್ನ ಅಕ್ಕ ಗಾದ್ರಮ್ಮ ಮಾಡುವ ಆಶೀರ್ವಾದ.

ಅಪ್ಪನ ಕೈಗೆ ಸಿಗಬಾರದೆಂದು ಈ ಕಾಗದವನ್ನು ಜಗಳೂರಿನ ನಿನ್ನ ಹಾಸ್ಟೆಲಿಗೇ ಬರೆಯುತ್ತಿದ್ದೇನೆ.

ನಾನು ಮದುವೆಯಾಗಿ ಬಂದಾಗ ಇಲ್ಲಿದ್ದವು ಕರಿ ಹಂದಿಗಳು. ಸೂಲಿಗೆ ನಾಲ್ಕೈದು ಮರಿ. ಆಮೇಲೆ ಸರ್ಕಾರದವರು ಬಿಳಿ ಸೀಮೆ ಗಂಡುಹಂದಿ ಕೊಟ್ಟರು. ಅದಕ್ಕೆ ಹುಟ್ಟಿದ ಮಿಶ್ರತಳಿ ಹೆಣ್ಣುಗಳು ಒಂಬತ್ತು, ಹತ್ತು ಹಾಕತೊಡಗಿದವು. ಮರಿಗಳೂ ಬೇಗ ತೂಕ ಬಂದವು. ಪ್ರತಿ ಸೂಲಿಗೂ ಅತ್ತೆ ಮರಿ ಎಣಿಸಿ, ನನ್ನ ಹೊಟ್ಟೆ ನೋಡುತ್ತಿದ್ದರು. ಆರು ವರ್ಷ ಹೀಗೇ ಕಳೆಯಿತು.

ಹೋದ ವರ್ಷ ಒಂದು ಹೆಣ್ಣು ಮೂರು ಸಲ ಗಂಡು ಬಿಟ್ಟರೂ ಗಬ್ಬ ಕಟ್ಟಲಿಲ್ಲ. ಕಟುಕರಿಗೆ ಕೊಟ್ಟುಬಿಡಿ ಅಂದರು ಅತ್ತೆ. ದನದ ಆಸ್ಪತ್ರೆಯ ಷಣ್ಮುಖಪ್ಪನವರು ಬಂದು ನೋಡಿ, “ತಪ್ಪು ಹೆಣ್ಣಿಂದೇ ಅಂತ ಹೆಂಗೆ ಹೇಳ್ತೀರಿ? ಗಂಡಿಗೆ ವಯಸ್ಸಾಗೈತೆ. ಬ್ಯಾರೆ ಗಂಡು ಬಿಟ್ಟು ನೋಡ್ರಿ” ಅಂದರು. ಹೊನ್ನಾಳಿಯಿಂದ ಬೇರೆ ಗಂಡು ತಂದರು. ಅದೇ ಹೆಣ್ಣು ಹನ್ನೊಂದು ಮರಿ ಹಾಕಿತು.

ಅವತ್ತು ಊಟಕ್ಕೆ ಬಡಿಸುತ್ತಾ ನಿನ್ನ ಭಾವನಿಗೆ, ದಾವಣಗೆರೆಗೆ ಹೋಗಿ ಇಬ್ಬರೂ ತೋರಿಸಿಕೊಂಡು ಬರೋಣ ಅಂದೆ. ಗಂಗಾಳ ಸರಿಸಿ ಎದ್ದರು.

“ನನ್ನನ್ನ ಹಂದಿಗೆ ಹೋಲಿಸ್ತೀಯಾ?”

ಆರು ವರ್ಷ ನನ್ನನ್ನು ಹೋಲಿಸಿದ್ದು ಯಾವುದಕ್ಕೆ ಅಂತ ಕೇಳಬೇಕಿತ್ತು.

ಮರುವಾರ ಅಪ್ಪ ಬಂದರು. ನಿನ್ನ ಪರೀಕ್ಷೆ ಮುಗಿದ ಕೂಡಲೇ ನಿನ್ನನ್ನೂ ಇದೇ ಮನೆಗೆ, ನಿನ್ನ ಭಾವನಿಗೇ ಎರಡನೆಯ ಹೆಂಡತಿಯಾಗಿ ಕೊಡುವುದೆಂದು ಮಾತಾಯಿತು. ಹದಿನಾರರ ಹುಡುಗಿ ನೀನು. ನನ್ನನ್ನು ಕರೆದುಕೊಂಡು ಹೋಗು ಅಂತ ಅಪ್ಪನ ಕೈ ಹಿಡಿದೆ. “ಹೊಟ್ಟೆಗೆ ಬಟ್ಟೆಗೆ ಕಮ್ಮಿ ಇಲ್ಲ. ಬಂದು ಏನು ಮಾಡ್ತೀಯವ್ವ?” ಅಂದು ಬಸ್ಸು ಹತ್ತಿದರು. ಈಗ ನನ್ನನ್ನು ಬೀದಿಗೂ ಬಿಡುವುದಿಲ್ಲ. ಈಯುವ ಹಂದಿ ನನ್ನನ್ನು ಬಿಟ್ಟು ಬೇರೆಯವರನ್ನು ಹತ್ತಿರ ಸೇರಿಸುವುದಿಲ್ಲವಂತೆ. ಒಂದಲ್ಲ ಒಂದು ಈಯುತ್ತಲೇ ಇರುತ್ತದೆ. ಈ ಕಾಗದವನ್ನೂ ಷಣ್ಮುಖಪ್ಪನವರ ಕೈಲೇ ಅಂಚೆಗೆ ಹಾಕಿಸಬೇಕು.

ಬರಬೇಡ ಕಸ್ತೂರಿ. ಈ ಕಾಗದವನ್ನು ನಿಮ್ಮ ಹಾಸ್ಟೆಲಿನ ಮೇಡಂಗೆ ತೋರಿಸು, ಅವರ ಜೊತೆಯಲ್ಲೇ ಇರು. ಅಪ್ಪ ಗದರಿದರೆ ಅಕ್ಕನೇ ಬೇಡ ಅಂದಳು ಅನ್ನು.

ಒಂದು ಮಾತು ಮುಚ್ಚಿಡಲಾರೆ. ಅಪ್ಪ ಹೋದ ಮೇಲೆ ಮೊದಲೆರಡು ದಿನ ಈ ಸುದ್ದಿಯಿಂದ ನನಗೆ ಸಂತೋಷವೇ ಆಗಿತ್ತು. ನೀನು ಬಂದರೆ ಮಾತಿಗೊಬ್ಬಳು ಸಿಗುತ್ತಾಳೆಂದು ನಿನಗೆ ಮಲಗಲು ಜಾಗವನ್ನೂ ಸಾರಿಸಿಟ್ಟಿದ್ದೆ. ಕ್ಷಮಿಸು.

ಚೆನ್ನಾಗಿ ಓದು, ನೂರು ವರ್ಷ ಬಾಳು. ನನ್ನನ್ನು ನೋಡಲು ಸಹ ಬರಬೇಡ.

ನಿನ್ನ ಅಕ್ಕ,
ಗಾದ್ರಮ್ಮ